ಬೇರು ಹುಡುಕಿ ಹೊರಟ ಅಲೆಕ್ಸ್ ಹೇಲಿ

ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಎತ್ತಿನ ಮೇಲೆ ಕೂತು ಹೆಳವ ಬರುತ್ತಿದ್ದನಂತೆ. ಮನೆತನದ ಹೆಸರುಗಳನ್ನು ತಲೆಮಾರು ತಲೆಮಾರಾಗಿ ಹೇಳಿ, ಕಾಳುಕಡಿ ಪಡೆದು ಹೋಗುತ್ತಿದ್ದನಂತೆ. ಮುಂಬಯಿಯ ಚಾಳಿನಲ್ಲಿ ಹುಟ್ಟಿದ ನಾನು ಅವನನ್ನು ಕಂಡವನಲ್ಲ. ನನಗೆ ಸಿಕ್ಕಿದ್ದು ಅಜ್ಜಿಯ ಬಾಯಲ್ಲಿ ಉಳಿದ ನಾಲ್ಕು ಹೆಸರು ಮಾತ್ರ. ಐದನೆಯದು ಯಾರದು ಅಂತ ಕೇಳೋಣವೆಂದರೆ ಈಗ ಅಜ್ಜಿಯೂ ಇಲ್ಲ. ಈ ಕೊರಗಿನಲ್ಲಿದ್ದಾಗಲೇ ನಾನು ಅಲೆಕ್ಸ್ ಹೇಲಿಯ ಬದುಕಿನ ಬಗ್ಗೆ ಓದಿದ್ದು.

ಹೇಲಿ ಹುಟ್ಟಿದ್ದು 1921ರ ಆಗಸ್ಟ್ 11ರಂದು, ಅಮೆರಿಕದ ಇಥಾಕಾದಲ್ಲಿ. ಬೆಳೆದದ್ದು ಟೆನೆಸಿ ರಾಜ್ಯದ ಹೆನ್ನಿಂಗ್ ಎಂಬ ಪುಟ್ಟ ಊರಿನಲ್ಲಿ, ತಾಯಿಯ ತವರಿನಲ್ಲಿ. ಸಂಜೆಯಾದರೆ ಅಜ್ಜಿ ಸಿಂಥಿಯಾ ಅಕ್ಕತಂಗಿಯರ ಜೊತೆ ಜಗಲಿಯಲ್ಲಿ ಕೂತು ಗುಲಾಮಗಿರಿಯ ಕಾಲದ ಕಥೆ ತೆಗೆಯುವಳು. ಆ ಕಥೆಗಳ ತುದಿಯಲ್ಲಿ ಒಬ್ಬ ಆಫ್ರಿಕದವನು, ಹೆಸರು ಕಿಂಟೆ. ಮರ ಕಡಿಯಲು ಹೋದಾಗ ಸೆರೆಸಿಕ್ಕಿ ಹಡಗಿನಲ್ಲಿ ಬಂದವನು. ಯಜಮಾನರು ಟೋಬಿ ಎಂದು ಕರೆದರೆ ಒಪ್ಪದವನು.

1939ರಲ್ಲಿ ಹೇಲಿ ಅಮೆರಿಕದ ಕರಾವಳಿ ಪಡೆಯಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರಿದ. ಜೊತೆಯವರಿಗೆ ಪ್ರೇಮಪತ್ರ ಬರೆದುಕೊಡುತ್ತಾ ಬರವಣಿಗೆ ಕಲಿತ. 1959ರಲ್ಲಿ ನಿವೃತ್ತನಾಗಿ, 1965ರಲ್ಲಿ ಮಾಲ್ಕಂ ಎಕ್ಸ್‌ನ ಆತ್ಮಕಥೆಯಿಂದ ಹೆಸರಾದ.

ಅಜ್ಜಿಯ ಕಥೆ ಮಾತ್ರ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಒಂದು ದಿನ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರಕ್ಕೆ ಹೋಗಿ, ಉತ್ತರ ಕೆರೊಲಿನಾದ ಅಲಮಾನ್ಸ್ ಕೌಂಟಿಯ 1870ರ ಜನಗಣತಿ ಕೇಳಿದ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದು. 1870 ಯಾಕೆಂದರೆ, 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಯಜಮಾನನ ಹೆಸರಿನ ಕೆಳಗೆ ಗುಲಾಮರ ವಯಸ್ಸು, ಲಿಂಗ, ಬಣ್ಣ ಅಷ್ಟೇ ಇರುತ್ತಿತ್ತು. ಅವರಿಗೆ ಹೆಸರು ಸಿಕ್ಕಿದ್ದೇ ಬಿಡುಗಡೆಯಾದ ಮೇಲೆ. ಆ ಪುಟಗಳಲ್ಲಿ ಕಮ್ಮಾರ ಟಾಮ್ ಮರ್ರೆ, ಹೆಂಡತಿ ಐರೀನ್ ಸಿಕ್ಕರು. ಜಗಲಿಯಲ್ಲಿ ಕೇಳಿದ ಹೆಸರುಗಳೇ! ಇದನ್ನು ಓದುವಾಗ ನನ್ನ ಮೈ ಜುಮ್ಮೆಂದಿತು.

ಮುಂದೆ 1967ರಲ್ಲಿ ಆತ ಆಫ್ರಿಕದ ಗ್ಯಾಂಬಿಯಾಕ್ಕೆ ಹೋದ. ಜುಫುರೆ ಎಂಬ ಹಳ್ಳಿಯಲ್ಲಿ ನಮ್ಮ ಹೆಳವನಂತೆ ವಂಶಾವಳಿ ಹೇಳುವ ಮುದುಕನೊಬ್ಬ ಕಿಂಟೆ ಮನೆತನದ ಕಥೆ ಹೇಳುತ್ತಾ, ಕಟ್ಟಿಗೆಗೆ ಹೋಗಿ ಕಾಣೆಯಾದ ಕುಂಟಾ ಎಂಬವನ ಮಾತೆತ್ತಿದ. 1767ರ ಸೆಪ್ಟೆಂಬರ್ 29ರಂದು ಗ್ಯಾಂಬಿಯಾದಿಂದ ಅನಾಪೊಲಿಸ್‌ಗೆ ಗುಲಾಮರನ್ನು ತಂದ ಹಡಗೂ ಪತ್ತೆಯಾಯಿತು. ವರ್ಜೀನಿಯಾದ ಕೌಂಟಿ ದಾಖಲೆಯಲ್ಲಿ 1768ರ ಒಂದು ಪತ್ರ. ಅದರಲ್ಲಿ ಟೋಬಿ ಎಂಬ ಗುಲಾಮ. ಕೊಂಡಿ ಕೂಡಿತು ಅಂದುಕೊಂಡ. 1976ರಲ್ಲಿ ‘ರೂಟ್ಸ್’ ಹೊರಬಂತು. 1977ರ ಜನವರಿಯಲ್ಲಿ ಎಂಟು ರಾತ್ರಿ ಅಮೆರಿಕ ಟೆಲಿವಿಷನ್ನಿನ ಮುಂದೆ ಕೂತು ಅದನ್ನು ನೋಡಿತು. ಪುಲಿಟ್ಜರ್ ವಿಶೇಷ ಗೌರವವೂ ಬಂತು.

ಆಮೇಲೆ ಪೆಟ್ಟುಗಳು. ತನ್ನ ಕಾದಂಬರಿಯಿಂದ ಎತ್ತಿಕೊಂಡಿದ್ದಾನೆಂದು ಹೆರಾಲ್ಡ್ ಕೂರ್ಲ್ಯಾಂಡರ್ ದಾವೆ ಹೂಡಿದ. 1978ರಲ್ಲಿ ಆರೂವರೆ ಲಕ್ಷ ಡಾಲರ್ ಕೊಟ್ಟು ರಾಜಿಯಾಗಬೇಕಾಯಿತು. ಹೇಲಿ ಹುಡುಕುತ್ತಿರುವುದೇನೆಂದು ಜುಫುರೆಯ ಮುದುಕನಿಗೆ ಮೊದಲೇ ಗೊತ್ತಿತ್ತೆಂದು ಲಂಡನ್ನಿನ ಪತ್ರಿಕೆಯೊಂದು ಬರೆಯಿತು. 1981ರಲ್ಲಿ ಗ್ಯಾರಿ ಮಿಲ್ಸ್, ಎಲಿಜಬೆತ್ ಮಿಲ್ಸ್ ದಂಪತಿ ಅದೇ ಕೌಂಟಿ ಕಡತಗಳನ್ನು ಮತ್ತೆ ಬಿಚ್ಚಿದರು. ಟೋಬಿಯ ಹೆಸರು ಹಡಗು ಬರುವ ಐದು ವರ್ಷ ಮೊದಲೇ ಅಲ್ಲಿತ್ತು!

ಹೇಲಿ 1992ರ ಫೆಬ್ರವರಿ 10ರಂದು ಸಿಯಾಟಲ್‌ನಲ್ಲಿ ತೀರಿಕೊಂಡ. ಮಣ್ಣಾದದ್ದು ಹೆನ್ನಿಂಗ್‌ನ ಆ ಮನೆಯಂಗಳದಲ್ಲೇ.

ಅವನನ್ನು ಸುಳ್ಳುಗಾರ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಜ್ಜಿಯ ನೆನಪು ಕಮ್ಮಾರ ಟಾಮ್‌ನ ತನಕ ದಾಖಲೆಯ ಪರೀಕ್ಷೆಯಲ್ಲಿ ಗೆದ್ದಿತ್ತಲ್ಲ! ಅದರಾಚೆ ನೆನಪೂ ಕಾಗದವೂ ಕೂಡಲೇಬೇಕೆಂಬ ಆಸೆ ಅವನನ್ನು ಅವಸರಪಡಿಸಿತು. ಹೆಸರನ್ನೇ ಕಸಿದುಕೊಂಡವರ ಮೊಮ್ಮಗನಿಗೆ ಆ ಆಸೆ ಎಷ್ಟಿದ್ದೀತು!

ಹೋದ ರಜೆಯಲ್ಲಿ ಊರಿಗೆ ಹೋಗಿ ಹಳೇ ಜಮೀನಿನ ಕಾಗದ ತೆಗೆಸಿದೆ. ಅಜ್ಜಿಯ ನಾಲ್ಕು ಹೆಸರಿನಲ್ಲಿ ಮೂರು ಸಿಕ್ಕವು. ನಾಲ್ಕನೆಯದರ ಜಾಗದಲ್ಲಿ ಬೇರೆ ಯಾರೋ ಇದ್ದ. ಗುಮಾಸ್ತ ತಪ್ಪು ಬರೆದಿರಬೇಕು ಅಂತ ಮೊದಲು ಸಿಟ್ಟು ಬಂತು. ಆಮೇಲೆ ಹೇಲಿ ನೆನಪಾದ. ಎರಡೂ ಹೆಸರನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡೆ. ಗೆಳೆಯರೇ, ನಿಮ್ಮ ಅಜ್ಜಿ ಇನ್ನೂ ಇದ್ದರೆ ಈ ರಜೆಯಲ್ಲೇ ಹತ್ತಿರ ಕೂತು ಕೇಳಿ. ಉತ್ತರ ಮಾತ್ರ ನೀವು ಎತ್ತಿಕೊಡಬೇಡಿ.