ಚಿತ್ರಕಲಾಚಾರ್ಯ ಮಹಾದೇವ ವಿಶ್ವನಾಥ ಧುರಂಧರರು

ಕಾರವಾರ, ಅಂಕೋಲೆಗಳ ಪ್ರೌಢಶಾಲೆಗಳಿಂದ ಚಿತ್ರಕಲೆಯ ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಬಾಲಿಕೆಯರು ಇಂದಿಗೂ ಇದ್ದಾರೆ. ವಸ್ತುಚಿತ್ರ, ಸ್ಮರಣಚಿತ್ರ, ಅಲಂಕಾರದ ನಕ್ಷೆ, ರೇಖಾಗಣಿತ ಇವುಗಳಲ್ಲಿ ತೇರ್ಗಡೆ ಹೊಂದಿ ಪ್ರಮಾಣಪತ್ರವನ್ನು ಮನೆಗೆ ತಂದಾಗ ಹಿರಿಯರು ಸಂತೋಷಪಡುವರು. ಆದರೆ ಮಗಳು ಇದೇ ವಿದ್ಯೆಯನ್ನು ಮುಂದುವರಿಸುವೆನೆಂದು ಹೇಳಿದೊಡನೆ ಅವರ ಮುಖವು ಚಿಂತೆಗೊಳ್ಳುವದು. ಚಿತ್ರ ಬರೆದು ಅನ್ನ ಹುಟ್ಟುವದೋ ಎಂಬದೇ ಅವರ ಚಿಂತೆ. ಅದು ಅನ್ಯಾಯವಾದ ಚಿಂತೆಯಲ್ಲ. ಅದಕ್ಕೆ ಬಾಯಿಂದ ಉತ್ತರ ಕೊಡುವದಕ್ಕಿಂತ, ಇದೇ ವಿದ್ಯೆಯಿಂದ ತಾನೂ ಬಾಳಿ, ಒಂದು ತಲೆಮಾರಿನ ಶಿಷ್ಯರನ್ನೂ ಬಾಳುವಂತೆ ಮಾಡಿದ ಒಬ್ಬ ಪುರುಷನ ಚರಿತ್ರೆಯನ್ನು ಹೇಳುವದೇ ಲೇಸೆಂದು ತೋರುತ್ತದೆ.

ಉತ್ತರ ಕನ್ನಡ ಜಿಲ್ಲೆಯು 1862ನೆಯ ಇಸವಿಯಲ್ಲಿ ಮದ್ರಾಸ್ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಅಂದಿನಿಂದ 1956ರಲ್ಲಿ ಕನ್ನಡ ಸೀಮೆಗಳು ಒಂದುಗೂಡುವ ತನಕ ಇಲ್ಲಿಯ ಶಾಲೆಗಳ ವಿದ್ಯೆಗೆ ಮುಂಬಯಿಯೇ ತಾಯಿಮನೆಯಾಗಿತ್ತು. ಚಿತ್ರಕಲೆಯಲ್ಲಿ ಎಲಿಮೆಂಟರಿ, ಇಂಟರ್ಮೀಡಿಯೆಟ್ ಎಂಬ ಗ್ರೇಡ್ ಪರೀಕ್ಷೆಗಳು ಆ ಇಲಾಖೆಯವೇ. ಅವುಗಳ ಹಿಂದೆ ಇದ್ದ ವಿದ್ಯಾಪೀಠವು ಮುಂಬಯಿಯ ಸರ್ ಜೆ. ಜೆ. ಚಿತ್ರಕಲಾಶಾಲೆ. ಆ ಶಾಲೆಯಲ್ಲಿ ಶಿಷ್ಯನಾಗಿ ಕಾಲಿಟ್ಟು, ಅಧ್ಯಾಪಕನಾಗಿ ಬೆಳೆದು, ಇಲಾಖೆಯ ಡ್ರಾಯಿಂಗ್ ಇನ್ಸ್‌ಪೆಕ್ಟರ್ ಹುದ್ದೆಯನ್ನೂ ನಿರ್ವಹಿಸಿ, ಕಡೆಗೆ ಅದರ ನಿರ್ದೇಶಕನ ಆಸನದಲ್ಲಿ ಕೆಲಕಾಲ ಕುಳಿತವರೇ ರಾವ್ ಬಹಾದೂರ್ ಮಹಾದೇವ ವಿಶ್ವನಾಥ ಧುರಂಧರರು.

ಇವರು 1867ನೆಯ ಇಸವಿ ಮಾರ್ಚ್ 18ರಂದು ಕೊಲ್ಲಾಪುರದಲ್ಲಿ ಪಾಠಾರೆ ಪ್ರಭು ಮನೆತನದಲ್ಲಿ ಹುಟ್ಟಿದರು. ಬಾಲ್ಯದ ವಿದ್ಯಾಭ್ಯಾಸವು ಅದೇ ಊರಿನಲ್ಲಿ ಆಯಿತು. ಕೊಲ್ಲಾಪುರವು ಆಗ ಚಿತ್ರಕಾರರಿಗೆ ಬಡ ಊರಲ್ಲ. ಮುಂಬಯಿಯಲ್ಲಿ ಕಲಿತು ಬಂದಿದ್ದ ಆಬಾಲಾಲ ರಹಿಮಾನರೆಂಬ ಅಪ್ರತಿಮ ಚಿತ್ರಕಾರರು ಅಲ್ಲಿದ್ದರು. ಎಳೆಯ ಧುರಂಧರರಿಗೆ ಅವರ ಮಾರ್ಗದರ್ಶನವು ದೊರಕಿತು. 1890ನೆಯ ಜನವರಿಯಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಇವರು ಜೆ. ಜೆ. ಶಾಲೆಯನ್ನು ಸೇರಿದರು.

ಆ ಶಾಲೆಯ ವಿಷಯವಾಗಿ ಎರಡು ಮಾತು ಹೇಳದೆ ಮುಂದರಿಯುವದು ಸರಿಯಲ್ಲ. ಪಾರ್ಸೀ ದಾನಶೂರರಾದ ಸರ್ ಜಮಸೇಟಜಿ ಜೀಜೀಭಾಯಿಯವರು ಕೊಟ್ಟ ಒಂದು ಲಕ್ಷ ರೂಪಾಯಿಗಳಿಂದ ಅದು 1857ನೆಯ ಮಾರ್ಚಿಯಲ್ಲಿ ಆರಂಭವಾಯಿತು. ಸರಕಾರದ ಮೊದಲ ಉದ್ದೇಶವು ಮಹಾಚಿತ್ರಕಾರರನ್ನು ಹುಟ್ಟಿಸುವದಾಗಿರಲಿಲ್ಲ. ಕೈಕೆಲಸದವರ ಕೈಯನ್ನು ತಿದ್ದುವದೂ ಶಾಲೆಗಳಿಗೆ ಡ್ರಾಯಿಂಗ್ ಮಾಸ್ತರರನ್ನು ಒದಗಿಸುವದೂ ಆಗಿತ್ತು. ಜಾನ್ ಲಾಕ್‌ವುಡ್ ಕಿಪ್ಲಿಂಗರು 1865ರಿಂದ ಹತ್ತು ವರುಷ ಅಲ್ಲಿ ಕಲಿಸಿದರು. 1891ರಲ್ಲಿ ಲಾರ್ಡ್ ರೇ ಅವರ ಹೆಸರಿನ ಕಾರ್ಯಾಗಾರಗಳು ಸೇರಿ ಲೋಹ, ಮರ, ಜಮಖಾನೆ ಮುಂತಾದ ಕೆಲಸಗಳಿಗೆ ಅಲ್ಲಿ ಸ್ಥಳವಾಯಿತು. ನಮ್ಮ ಜಿಲ್ಲೆಯ ಗುಡಿಗಾರರು ಗಂಧದ ಮರದಲ್ಲಿ ವಂಶಪಾರಂಪರ್ಯವಾಗಿ ಮಾಡುತ್ತಿದ್ದ ಕೆತ್ತನೆಯಂಥ ವಿದ್ಯೆಯನ್ನು ಅಲ್ಲಿ ತರಗತಿಯ ಪಾಠವಾಗಿ ಕಲಿಸುವ ಯತ್ನ ನಡೆದಿತ್ತೆಂದು ಹೇಳಿದರೆ ನಮ್ಮವರಿಗೆ ಬೇಗ ತಿಳಿದೀತು.

ಆಗಿನ ಶಿಕ್ಷಣಕ್ರಮವು ಬಹಳ ಕಠಿಣವಾದದ್ದು. ಮೊದಲು ರೇಖೆ, ಆಮೇಲೆ ಪ್ಲಾಸ್ಟರಿನ ಎರಕದ ಮೂರ್ತಿಗಳನ್ನು ನೋಡಿ ನೆರಳುಬೆಳಕು, ಅನಂತರ ಮನುಷ್ಯಮುಖ, ಅದರ ಮೇಲೆ ಬಣ್ಣ. ಒಂದೇ ಮೂರ್ತಿಯ ಮುಂದೆ ವಾರಗಟ್ಟಲೆ ಕುಳಿತು ಇದ್ದಲ ಕಡ್ಡಿಯಿಂದ ಬರೆಯಬೇಕು. ಇದು ಜೀವವಿಲ್ಲದ ವಿದ್ಯೆಯೆಂದು ದೂರಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ದೂರಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಧುರಂಧರರಂಥ ಶಿಷ್ಯನಿಗೆ ಅದು ಕೈಗೆ ಬಂದ ಬೀಗದ ಕೈಯಾಯಿತು. ಅಜಂತಾ ಗುಹೆಗಳ ಚಿತ್ರಗಳನ್ನು ಶಿಷ್ಯರಿಂದ ಪ್ರತಿಮಾಡಿಸಿ ಹೆಸರಾಂತ ಜಾನ್ ಗ್ರಿಫಿತ್ಸರು ಆಗ ಶಾಲೆಯ ಮುಖ್ಯಸ್ಥರು. ಅವರ ಕಣ್ಣು ಈ ತರುಣನ ಮೇಲೆ ಬಿತ್ತು.

ಕಲಿತ ಕೈಯನ್ನು ಲೋಕಕ್ಕೆ ತೋರಿಸುವ ಸ್ಥಳವೊಂದು ಬೇಕಷ್ಟೆ. 1888ರಲ್ಲಿ ಸ್ಥಾಪಿತವಾದ ಬಾಂಬೇ ಆರ್ಟ್ ಸೊಸೈಟಿಯ ಪ್ರದರ್ಶನವು ಅಂಥ ಸ್ಥಳವಾಗಿತ್ತು. ಅಲ್ಲಿ ಯುರೋಪಿಯನ್ ಚಿತ್ರಕಾರರ ಕೃತಿಗಳ ಪಕ್ಕದಲ್ಲಿ ಹಿಂದೀ ಶಿಷ್ಯರ ಕೃತಿಗಳೂ ತೂಗಾಡುತ್ತಿದ್ದವು. ನ್ಯಾಯಾಧಿಪತಿಗಳು, ವ್ಯಾಪಾರಸ್ಥರು, ಸಂಸ್ಥಾನಿಕರು ಬಂದು ನೋಡಿ ಕೊಳ್ಳುತ್ತಿದ್ದರು. 1895ರಲ್ಲಿ ಲಕ್ಷ್ಮಿಯನ್ನು ಕುರಿತ ಒಂದು ಚಿತ್ರಕ್ಕಾಗಿ ಧುರಂಧರರಿಗೆ ಆ ಸಂಸ್ಥೆಯ ಚಿನ್ನದ ಪದಕವು ದೊರಕಿತು. ವಿದ್ಯಾರ್ಥಿದೆಶೆ ಮುಗಿಯುವದರೊಳಗಾಗಿ ಹೆಸರು ಊರಿಗೆ ತಿಳಿದಿತ್ತು. 1896ರಲ್ಲಿ ಅದೇ ಶಾಲೆಯಲ್ಲಿ ಅಧ್ಯಾಪಕತ್ವವು ದೊರೆಯಿತು.

ಅದೇ ವರುಷ ಮುಂಬಯಿಗೆ ಪ್ಲೇಗು ಬಂದಿತು. ಸಾವಿರಾರು ಮನೆಗಳನ್ನು ಹಾಳುಮಾಡಿದ ಆ ವ್ಯಾಧಿಯು ಧುರಂಧರರ ಮನೆಯನ್ನೂ ಬಿಡಲಿಲ್ಲ. 1897ರಲ್ಲಿ ಅವರ ಪತ್ನಿ ಬಾಪೂಬಾಯಿಯು ತೀರಿಕೊಂಡಳು. ಮೂವತ್ತು ವರುಷದ ಆ ಅಧ್ಯಾಪಕನು ದುಃಖವನ್ನು ನುಂಗಿಕೊಂಡು ಮತ್ತೆ ತರಗತಿಗೆ ಹೋಗಿ ನಿಂತನು. ಮುಂದೆ ಅವರು ಎರಡನೆಯ ವಿವಾಹವಾಗಿ ಸಂಸಾರವನ್ನು ಪುನಃ ಕಟ್ಟಿಕೊಂಡರು.

ಇನ್ನು ಮೇಲಿನ ಮೂವತ್ತೈದು ವರುಷಗಳಲ್ಲಿ ಇವರು ಮಾಡಿದ ಕೆಲಸದ ರಾಶಿಯನ್ನು ನೆನೆದರೆ ಬೆರಗಾಗುತ್ತದೆ. ಹಗಲೆಲ್ಲ ಶಾಲೆ, ಉಳಿದ ಹೊತ್ತಿನಲ್ಲಿ ಬೇಡಿಕೆಯ ಕೆಲಸ. ಔಂಧದ ಸಂಸ್ಥಾನಿಕರಂಥ ರಸಿಕರಿಗಾಗಿ ಶಿವಾಜಿ ಮಹಾರಾಜರ ಚರಿತ್ರೆಯ ದೊಡ್ಡ ತೈಲಚಿತ್ರಗಳು, ಅಂಚೆಯ ಕಾರ್ಡುಗಳಿಗಾಗಿ ಮುಂಬಯಿಯ ಬೀದಿಯ ವಿನೋದಚಿತ್ರಗಳು, ಜಾಹೀರಾತುಗಳು, ಪುಸ್ತಕಗಳ ಚಿತ್ರಗಳು. ಎಡ್ವರ್ಡ್ಸರು ಮುಂಬಯಿಯ ಓಣಿಗಳ ಬಗ್ಗೆ ಬರೆದು 1912ರಲ್ಲಿ ಪ್ರಕಟಿಸಿದ ಗ್ರಂಥಕ್ಕೂ, ಕಿಂಕೇಡರು 1914ರಲ್ಲಿ ಪ್ರಕಟಿಸಿದ ದಖ್ಖನಿನ ಮಕ್ಕಳ ಕಥೆಗಳಿಗೂ, ರಾಥ್‌ಫೀಲ್ಡರು ಹಿಂದುಸ್ಥಾನದ ಸ್ತ್ರೀಯರನ್ನು ಕುರಿತು ಬರೆದು 1920ರಲ್ಲಿ ಹೊರತಂದ ಗ್ರಂಥಕ್ಕೂ ಚಿತ್ರಗಳು ಇವರವೇ. ಕೊನೆಯ ಗ್ರಂಥದಲ್ಲಿ ಜಾತಿಜಾತಿಯ, ಸೀಮೆಸೀಮೆಯ ಹೆಂಗಸರು ಸೀರೆಯನ್ನು ಉಡುವ ಬಗೆ, ತಲೆಯ ಮೇಲಿನ ಬುಟ್ಟಿ, ಕಾಲಿನ ಕಡಗ ಇವೆಲ್ಲ ಒಂದರಂತೆ ಒಂದಿಲ್ಲ. ಇಂಥ ಚಿತ್ರವನ್ನು ಮನೆಯಲ್ಲಿ ಕುಳಿತು ಊಹಿಸಿ ಬರೆಯಲಾಗದು. ಸಂತೆಯಲ್ಲಿ, ಬಾವಿಯ ಕಟ್ಟೆಯಲ್ಲಿ, ಗುಡಿಯ ಬಾಗಿಲಲ್ಲಿ ನಿಂತು ನೋಡಿ, ಆ ಕ್ಷಣದಲ್ಲಿಯೇ ಗೆರೆ ಹಾಕಿಕೊಂಡಿರಬೇಕು. ಅಂಕೋಲೆಯ ಪೇಟೆಗೆ ತರಕಾರಿ ಮಾರಲು ಬರುವ ಹಾಲಕ್ಕಿ ಹೆಂಗಸಿನ ಕೊರಳಲ್ಲಿ ಮಣಿಸರಗಳು ಹೇಗೆ ಒಂದರ ಮೇಲೊಂದು ಕೂಡುವವು, ಅವಳು ಬುಟ್ಟಿಯನ್ನು ಇಳಿಸುವಾಗ ಸೊಂಟವು ಹೇಗೆ ಬಾಗುವದು ಎಂಬದನ್ನು ನೋಡಿ ಬರೆದುಕೊಂಡ ಹುಡುಗಿಗೆ ಮಾತ್ರ ಈ ಕೆಲಸದ ಕಷ್ಟವು ತಿಳಿದೀತು.

ಧುರಂಧರರ ಕೈಬರಹದ ಕರಡುಚಿತ್ರಗಳು ಸಾವಿರಾರು. ಅವುಗಳಲ್ಲಿ ಅನೇಕಕ್ಕೆ ಸಹಿಯೂ ತಾರೀಖೂ ಉಂಟು. ಇದು ಸಣ್ಣ ಸಂಗತಿಯೆಂದು ಯಾರೂ ತಿಳಿಯಬಾರದು. ಪುಸ್ತಕದ ಪ್ರಕಾಶಕನು ಚಿತ್ರಕಾರನ ಬಳಿಗೆ ಬಂದಾಗ ಪ್ರಮಾಣಪತ್ರವನ್ನು ಕೇಳುವದಿಲ್ಲ. ಮಾಡಿದ ಕೆಲಸದ ಕಟ್ಟನ್ನು ಕೇಳುತ್ತಾನೆ. ಆ ಕಟ್ಟಿನಲ್ಲಿ ಹತ್ತು ಸೂರ್ಯಾಸ್ತಗಳಿದ್ದರೆ ಅವನಿಗೆ ಪ್ರಯೋಜನವಿಲ್ಲ. ಕೈಬೆರಳುಗಳು ಬೇಕು, ನಿಂತ ಎತ್ತು ಬೇಕು, ಗುಂಪು ಬೇಕು, ಅಳುವ ಕೂಸು ಬೇಕು. ಕಪ್ಪುಬಿಳಿಯ ಗೆರೆಚಿತ್ರವೂ ಬೇಕು, ನೆರಳುಳ್ಳ ಜಲವರ್ಣವೂ ಬೇಕು. ಯಾಕಂದರೆ ಗೆರೆಯ ಬ್ಲಾಕಿನಲ್ಲಿ ಅಚ್ಚಾಗುವ ಚಿತ್ರವು ಬೇರೆ, ಹಾಫ್‌ಟೋನ್ ಬ್ಲಾಕಿನಲ್ಲಿ ಅಚ್ಚಾಗುವ ಚಿತ್ರವು ಬೇರೆ. ಒಂದಕ್ಕಾಗಿ ಬರೆದದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಅಚ್ಚಿನಲ್ಲಿ ಮಸಿಯ ಮುದ್ದೆಯಾಗುವದು. ಛಾಪಖಾನೆಯ ಈ ಮರ್ಮವನ್ನು ಬಲ್ಲ ಅಧ್ಯಾಪಕರು ಆಗ ವಿರಳ. ಧುರಂಧರರು ತಮ್ಮ ಸ್ವಂತ ದುಡಿಮೆಯಿಂದ ಅದನ್ನು ಬಲ್ಲವರಾಗಿದ್ದರು. ಜೆ. ಜೆ. ಶಾಲೆಯಲ್ಲಿ ಜಾಹೀರಾತಿನ ಕಲೆಗೆ ಪ್ರತ್ಯೇಕ ವಿಭಾಗವು ಆದದ್ದು 1935ರ ಸುಮಾರಿಗೆ, ಇವರು ನಿವೃತ್ತರಾದ ಮೇಲೆಯೇ. ಆದರೆ ಅದರ ಪಾಠವನ್ನು ಇವರ ಬದುಕು ಮೊದಲೇ ತೋರಿಸಿತ್ತು.

ಇವರ ಕಲೆಗೆ ನಿಂದಕರೂ ಇದ್ದರು. ಬಂಗಾಲದಲ್ಲಿ ಅವನೀಂದ್ರನಾಥ ಠಾಕೂರರು ಹೊಸ ಪಂಥವನ್ನು ಕಟ್ಟಿ, ವಿಲಾಯತಿ ರೀತಿಯನ್ನು ಬಿಟ್ಟು ಅಜಂತಾ, ಮೊಗಲ, ರಜಪೂತ ಕಲೆಗಳ ಕಡೆಗೆ ತಿರುಗಿದರು. ಇವರ ದೊಡ್ಡಪ್ಪಂದಿರ ಪೈಕಿ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರೂ, ತರುಣ ರವೀಂದ್ರನಾಥರು 1883ರಲ್ಲಿ ಅಣ್ಣನ ಬಳಿಗೆ ಬಂದು ಈ ಕಡಲ ತೀರದಲ್ಲಿ ಇದ್ದು ಹೋದರೆಂಬದೂ ನಮ್ಮವರಿಗೆ ಗೊತ್ತಿದ್ದ ಸಂಗತಿ. ಆ ಪಂಥದವರ ದೃಷ್ಟಿಯಲ್ಲಿ ಮುಂಬಯಿಯ ಚಿತ್ರಕಾರರು ಪರದೇಶದ ಅನುಕರಣೆ ಮಾಡುವವರು. ಧುರಂಧರರ ದೊಡ್ಡ ಪೌರಾಣಿಕ ಚಿತ್ರಗಳನ್ನು ನೋಡಿದಾಗ ಈ ಆಕ್ಷೇಪಣೆಯು ಪೂರಾ ಸುಳ್ಳೆಂದು ನನಗೆ ಹೇಳಲಾಗದು. ಅವು ನಾಟಕದ ರಂಗದಂತೆ ತೋರುತ್ತವೆ. ಆದರೆ ಅವರ ಚಿಕ್ಕ ಚಿತ್ರಗಳಲ್ಲಿಯ ಮೀನುಗಾರ್ತಿ, ಹೂವಾಡಗಿತ್ತಿ, ದೀಪ ಹಚ್ಚುವ ಗೃಹಿಣಿ ಇವರು ಯಾವ ಪರದೇಶದವರೂ ಅಲ್ಲ.

ಸರಕಾರದ ಕಡೆಯಿಂದ ಬಂದ ಮನ್ನಣೆಯು ಮಿಶ್ರವಾದದ್ದು. ರಾವ್ ಬಹಾದೂರ್ ಪದವಿ ಬಂತು. ಹೊಸ ದಿಲ್ಲಿಯ ಸೆಕ್ರೆಟರಿಯೇಟಿನ ಗೋಡೆಗಳನ್ನು ಅಲಂಕರಿಸುವ ಕೆಲಸದಲ್ಲಿ ಪಾಲು ಬಂತು. ಆದರೆ ಶಾಲೆಯ ಯಜಮಾನಿಕೆಯು ಗ್ರಿಫಿತ್ಸರಿಂದ ಸೆಸಿಲ್ ಬರ್ನ್ಸರಿಗೆ, ಅವರಿಂದ ಗ್ಲ್ಯಾಡ್‌ಸ್ಟನ್ ಸೊಲೊಮನ್ನರಿಗೆ ಹೀಗೆ ಆಂಗ್ಲರ ಕೈಯಿಂದ ಆಂಗ್ಲರ ಕೈಗೇ ಹೋಗುತ್ತಿತ್ತು. 1930ರಲ್ಲಿ ಧುರಂಧರರು ನಿರ್ದೇಶಕರ ಸ್ಥಾನದಲ್ಲಿ ಕುಳಿತ ಪ್ರಥಮ ಹಿಂದೀ ಗೃಹಸ್ಥರಾದರು. ಅದೂ ಹಂಗಾಮಿಯಾಗಿ, ಅಲ್ಪಕಾಲ ಮಾತ್ರ. ನಮ್ಮ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದ ವರುಷವೂ ಅದೇ. 1931ರ ಜನವರಿಯ ಕೊನೆಗೆ ಅವರು ಶಾಲೆಯನ್ನು ಬಿಟ್ಟರು.

ಅದೇ 1931ರಲ್ಲಿ ಅವರ ಮಗಳು ಅಂಬಿಕೆಯು ಆ ಶಾಲೆಯಿಂದಲೇ ಚಿತ್ರಕಲೆಯ ಡಿಪ್ಲೋಮಾ ಪಡೆದಳು. ನಮ್ಮ ಶಾಲೆಯ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸತಕ್ಕದ್ದು ಇದು. 1912ರಲ್ಲಿ ಹುಟ್ಟಿದ ಆ ಕನ್ಯೆಯು ತಂದೆಯ ಪಕ್ಕದಲ್ಲಿ ಕುಂಚ ಹಿಡಿಯಲು ಕಲಿತು, ಗಂಡುಮಕ್ಕಳೇ ತುಂಬಿದ್ದ ತರಗತಿಗಳಲ್ಲಿ ಕುಳಿತು ಪರೀಕ್ಷೆ ಕೊಟ್ಟಳು. ಹೆಣ್ಣುಮಕ್ಕಳನ್ನು ಚಿತ್ರದ ವಿಷಯವಾಗಿ ನೋಡುತ್ತಿದ್ದ ಕಾಲದಲ್ಲಿ ತನ್ನ ಮಗಳನ್ನು ಚಿತ್ರಕಾರಳನ್ನಾಗಿ ಮಾಡಲು ಮನಸ್ಸು ಮಾಡಿದ ತಂದೆಯ ಧೈರ್ಯವು ಸಾಮಾನ್ಯವಾದದ್ದಲ್ಲ. ಇದೇ ಶಾಲೆಯ ಇನ್ನೊಬ್ಬ ಕಲಾವಿದರಾದ ಗೋವೆಯ ಮೂಲದ ಕ್ರೈಸ್ತ ಚಿತ್ರಕಾರ ಎ. ಎಕ್ಸ್. ತ್ರಿಂದಾದರ ಮಗಳು ಆಂಜೆಲಾ ಸಹ ಅಲ್ಲಿಯೇ ಕಲಿತಳು. 1909ರಿಂದ 1980ರ ವರೆಗೆ ಬಾಳಿದ ಆಕೆಯು ಕ್ರಿಸ್ತನ ಮತ್ತು ಮರಿಯಮ್ಮನ ಚಿತ್ರಗಳನ್ನು ಹಿಂದೀ ಉಡುಪಿನಲ್ಲಿ, ಹಿಂದೀ ಮುಖದಲ್ಲಿ ಬರೆದು ಪ್ರಖ್ಯಾತಿಗೊಂಡಳು. ಕಾಳೀ ನದಿಯ ಈಚೆಗೆ ಇರುವ ನಮಗೆ ಗೋವೆಯು ನೆರೆಮನೆಯೇ ಸರಿ.

ಕನ್ನಡಿಗರೂ ಆ ದಾರಿಯಲ್ಲಿ ನಡೆದರು. ಧಾರವಾಡದಲ್ಲಿ ಚಿತ್ರಕಲಾಶಾಲೆಯನ್ನು ತೆರೆದ ಡಿ. ವಿ. ಹಾಲಭಾವಿಯವರೂ, ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಹೋಗಿ 1938ರಲ್ಲಿ ಡಿಪ್ಲೋಮಾ ಪಡೆದ ಕೆ. ಕೆ. ಹೆಬ್ಬಾರರೂ ಜೆ. ಜೆ. ಶಾಲೆಯಲ್ಲಿ ಕಲಿತವರು. ರೈಲಿಲ್ಲದ ಆ ಕಾಲದಲ್ಲಿ ಕಾರವಾರದಿಂದ ಮುಂಬಯಿಗೆ ಹೋಗುವವರು ಆಗಬೋಟಿಯನ್ನು ಹತ್ತಬೇಕು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು.

ನಿವೃತ್ತಿಯ ನಂತರವೂ ಧುರಂಧರರ ಕುಂಚಕ್ಕೆ ವಿಶ್ರಾಂತಿ ಇರಲಿಲ್ಲ. ಕಲಾಮಂದಿರದಲ್ಲಿ ಕಳೆದ ನಾಲ್ವತ್ತೊಂದು ವರುಷಗಳ ಸ್ಮೃತಿಯನ್ನು ಮರಾಠಿಯಲ್ಲಿ ಗ್ರಂಥರೂಪವಾಗಿ ಬರೆದು 1940ರಲ್ಲಿ ಪ್ರಕಟಿಸಿದರು. ಗುರುಗಳು, ಶಿಷ್ಯರು, ಪ್ರದರ್ಶನಗಳು, ಅಧಿಕಾರಿಗಳು ಎಲ್ಲರೂ ಅದರಲ್ಲಿ ಬರುವದರಿಂದ ಆ ಶಾಲೆಯ ಚರಿತ್ರೆಯನ್ನು ಬರೆಯುವವರಿಗೆ ಅದೇ ಆಧಾರವಾಗಿದೆ. 1944ರಲ್ಲಿ ಅವರು ಕಾಲವಾದರು.

2018ರಲ್ಲಿ ಮುಂಬಯಿಯ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನವೊಂದು ನಡೆಯಿತು. ಸಂಸ್ಥಾನಿಕರು ಬರೆಯಿಸಿದಂಥ ತೈಲಚಿತ್ರಗಳ ಜೊತೆಯಲ್ಲಿ ಅಲ್ಪ ಬೆಲೆಗೆ ಮಾರಾಟವಾಗಿದ್ದ ಅಂಚೆಯ ಕಾರ್ಡುಗಳನ್ನೂ, ಪೆನ್ಸಿಲಿನ ಚಿಕ್ಕ ಕರಡುಗಳನ್ನೂ ಅಲ್ಲಿ ಗಾಜಿನೊಳಗೆ ಜೋಪಾನವಾಗಿ ಇಟ್ಟು ತೋರಿಸಿದ್ದರು.