ಪೇಟ ಬಿಡದೆ ಅಮೆರಿಕ ಸೇನೆ ಸೇರಿದ ಇನ್ನೊಬ್ಬ ಭಗತ್ ಸಿಂಗ್: ಪೌರತ್ವ ಸಿಕ್ಕಿದ್ದು ಮೂರು ಸಲ!

ಭಗತ್ ಸಿಂಗ್ ಅಂದ್ರೆ ನಮಗೆಲ್ಲ ನೆನಪಾಗೋದು ಲಾಹೋರಿನಲ್ಲಿ ಗಲ್ಲಿಗೇರಿದ ಕ್ರಾಂತಿಕಾರಿ. ಇವರು ಬೇರೆ, ಭಗತ್ ಸಿಂಗ್ ಥಿಂಡ್. 1892ರಲ್ಲಿ ಪಂಜಾಬಿನ ಅಮೃತಸರ ಜಿಲ್ಲೆಯಲ್ಲಿ ಹುಟ್ಟಿದವರು. ಓದೋ ಆಸೆಯಿಂದ 1913ರಲ್ಲಿ ಅಮೆರಿಕಕ್ಕೆ ಹೋದರು. ಖರ್ಚಿಗೆ ಆರೆಗಾನ್ ರಾಜ್ಯದ ಮರದ ಮಿಲ್‌ಗಳಲ್ಲಿ ಕೂಲಿ ಮಾಡಿದರು.

ಮೊದಲ ಮಹಾಯುದ್ಧ ನಡೀತಿತ್ತು. 1918ರ ಜುಲೈನಲ್ಲಿ ಥಿಂಡ್ ಅಮೆರಿಕದ ಸೇನೆ ಸೇರಿದರು. ಕೂದಲು ಕತ್ತರಿಸಲಿಲ್ಲ, ಪೇಟ ತೆಗೆಯಲಿಲ್ಲ. ಸಮವಸ್ತ್ರದ ಮೇಲೆ ಪೇಟ ಕಟ್ಟಿ ಕ್ಯಾಂಪ್ ಲೂಯಿಸ್‌ನಲ್ಲಿ ಉಳಿದ ಸೈನಿಕರ ಜೊತೆ ನಿಂತಿರೋ ಫೋಟೊ ಈಗಲೂ ಇದೆ. ನವೆಂಬರ್ 8ಕ್ಕೆ ಹಂಗಾಮಿ ಸಾರ್ಜೆಂಟ್ ಆದರು. ಮೂರೇ ದಿನಕ್ಕೆ ಯುದ್ಧ ಮುಗೀತು.

ಡಿಸೆಂಬರ್ 9ಕ್ಕೆ ಸಮವಸ್ತ್ರದಲ್ಲೇ ಹೋಗಿ ಪೌರತ್ವ ಪಡೆದರು. ನಾಲ್ಕು ದಿನದಲ್ಲಿ ಅದು ರದ್ದಾಯ್ತು! ಕಾರಣ, ಅವರು ಬಿಳಿಯರಲ್ಲ. ವಲಸೆ ಬಂದವರಲ್ಲಿ ಬಿಳಿಯರು, ಆಫ್ರಿಕಾ ಮೂಲದವರು ಮಾತ್ರ ಪ್ರಜೆಗಳಾಗಬಹುದು ಅನ್ನೋ ಕಾನೂನು ಆಗ ಇತ್ತು. ಅದೇ ತಿಂಗಳು ಸೇನೆ ಮಾತ್ರ ಅವರ ನಡತೆ ಅತ್ಯುತ್ತಮ ಅಂತ ಬರೆದುಕೊಟ್ಟು ಗೌರವದಿಂದ ಕಳಿಸಿತು.

ಥಿಂಡ್ ಸುಮ್ಮನಾಗಲಿಲ್ಲ. 1920ರಲ್ಲಿ ಆರೆಗಾನ್‌ನ ನ್ಯಾಯಾಲಯ ಮತ್ತೆ ಪೌರತ್ವ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯ್ತು. ತಾನು ಆರ್ಯ, ಮೇಲ್ಜಾತಿಯವ, ಹಾಗಾಗಿ ಬಿಳಿಯ ಅನ್ನೋದು ಅವರ ಕಡೆಯ ವಾದ. ಇವತ್ತು ಕೇಳಿದರೆ ಮುಜುಗರ ಆಗುತ್ತೆ, ಆದ್ರೆ ಆ ಕಾನೂನಿನಲ್ಲಿ ಬೇರೆ ದಾರಿನೂ ಇರಲಿಲ್ಲ. 1923ರ ಫೆಬ್ರವರಿ 19ಕ್ಕೆ ಸುಪ್ರೀಂ ಕೋರ್ಟ್ ಒಮ್ಮತದಿಂದ ವಾದ ತಳ್ಳಿಹಾಕಿತು. ಆಮೇಲೆ ಆಗಲೇ ಪ್ರಜೆಗಳಾಗಿದ್ದ ಹಲವು ಭಾರತೀಯರೂ ಪೌರತ್ವ ಕಳೆದುಕೊಂಡರು.

ಈ ಪೆಟ್ಟು ಮನೆಯೊಳಗೂ ಬೀಳುತ್ತಿತ್ತು. ಪೌರತ್ವಕ್ಕೆ ಅರ್ಹನಲ್ಲದ ವಿದೇಶಿಯನ್ನು ಮದುವೆಯಾದ ಅಮೆರಿಕದ ಹೆಣ್ಣುಮಗಳು ತನ್ನ ಪೌರತ್ವವನ್ನೇ ಕಳ್ಕೋತಿದ್ದಳು. 1931ರವರೆಗೂ ಇದೇ ಕಥೆ.

ಥಿಂಡ್ ಊರೂರು ಸುತ್ತಿ ಅಧ್ಯಾತ್ಮದ ಉಪನ್ಯಾಸ ಕೊಡುತ್ತಾ ಬದುಕಿದರು. ಕೊನೆಗೆ ಕೈಹಿಡಿದದ್ದು ಐದು ತಿಂಗಳೂ ತುಂಬದ ಆ ಸೇನಾ ಸೇವೆ. ಮೊದಲ ಮಹಾಯುದ್ಧದ ಸೈನಿಕರಿಗೆ ಜನಾಂಗ ನೋಡದೆ ಪೌರತ್ವ ಕೊಡುವ ಕಾಯ್ದೆ 1935ರಲ್ಲಿ ಬಂತು. ಮರುವರ್ಷ ಥಿಂಡ್ ಮೂರನೇ ಸಲ ಅಮೆರಿಕದ ಪ್ರಜೆಯಾದರು. ಈ ಸಲ ಯಾರೂ ಕಿತ್ಕೊಳ್ಳಲಿಲ್ಲ.

1940ರಲ್ಲಿ ವಿವಿಯನ್ ಡೇವಿಸ್ ಅವರನ್ನು ಮದುವೆಯಾದರು. ಅಷ್ಟೊತ್ತಿಗೆ ಹೆಂಡತಿಯ ಪೌರತ್ವ ಕಸಿಯುವ ಕಾನೂನೂ ಇರಲಿಲ್ಲ, ಗಂಡ ಪರದೇಶಿಯೂ ಆಗಿರಲಿಲ್ಲ. ಇಬ್ಬರು ಮಕ್ಕಳಾದರು. 1967ರ ಸೆಪ್ಟೆಂಬರ್ 15ರಂದು ಥಿಂಡ್ ತೀರಿಕೊಂಡರು.