ಗಣಿತಜ್ಞ ಜೋಸೆಫ್ ಲೂಯಿ ಲಗ್ರಾಂಜ್ (1736–1813): ಜೀವನ ಹಾಗೂ ಸಾಧನೆ

ಭೂಮಿಯಿಂದ ನೋಡುವವರಿಗೆ ಚಂದ್ರನ ಒಂದೇ ಪಾರ್ಶ್ವ ಸದಾ ಕಾಣುತ್ತದೆ. ಮೊಲದ ಆಕಾರದ ಕಲೆಯು ಪ್ರತಿ ಹುಣ್ಣಿಮೆಯಲ್ಲಿಯೂ ಕಾಣಲು ಇದೇ ಕಾರಣ. ಈ ಸಂಗತಿಯನ್ನು ಗಣಿತದ ಆಧಾರದ ಮೇಲೆ ವಿವರಿಸಿದವರಲ್ಲಿ ಜೋಸೆಫ್ ಲೂಯಿ ಲಗ್ರಾಂಜ್ ಅಗ್ರಗಣ್ಯರು. ಸಾರ್ವಜನಿಕರ ಮಾಹಿತಿಗಾಗಿ ಅವರ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಲಗ್ರಾಂಜ್ ಅವರು 1736ರ ಜನವರಿ 25ರಂದು ಇಂದಿನ ಇಟಲಿಯ ಟ್ಯೂರಿನ್ ನಗರದಲ್ಲಿ ಜನಿಸಿದರು. ಇವರ ತಂದೆಯವರು ಅಲ್ಲಿನ ಲೋಕೋಪಯೋಗಿ ಕಾಮಗಾರಿ ಹಾಗೂ ಕೋಟೆಗಳ ಕಚೇರಿಯಲ್ಲಿ ಖಜಾಂಚಿಯಾಗಿದ್ದರು. ಸಟ್ಟಾ ವ್ಯವಹಾರಗಳಲ್ಲಿ ಹಣ ತೊಡಗಿಸಿ ಅವರು ತಮ್ಮ ಸಂಪತ್ತಿನ ಬಹುಭಾಗವನ್ನು ಕಳೆದುಕೊಂಡರು. ಆ ಸಂಪತ್ತು ಉಳಿದಿದ್ದಲ್ಲಿ ತಾವು ಬಹುಶಃ ಗಣಿತಕ್ಕೆ ಬರುತ್ತಿರಲಿಲ್ಲವೆಂದು ಲಗ್ರಾಂಜ್ ಮುಂದೆ ಅಭಿಪ್ರಾಯಪಟ್ಟಿದ್ದುಂಟು. ಖಗೋಳಜ್ಞ ಹ್ಯಾಲಿಯವರ ಲೇಖನವೊಂದನ್ನು ಓದಿ ಗಣಿತದತ್ತ ಆಕರ್ಷಿತರಾದ ಅವರು, ಬಹುಪಾಲು ಸ್ವಪ್ರಯತ್ನದಿಂದ ಅಭ್ಯಾಸ ಮಾಡಿ, 19ನೆಯ ವಯಸ್ಸಿನಲ್ಲಿಯೇ ಟ್ಯೂರಿನ್‌ನ ಫಿರಂಗಿದಳದ ಶಾಲೆಯಲ್ಲಿ ಗಣಿತದ ಅಧ್ಯಾಪಕರಾಗಿ ನೇಮಕಗೊಂಡರು.

ಚಂದ್ರನ ಸಮಸ್ಯೆ

ಚಂದ್ರನು ತನ್ನ ಅಕ್ಷದ ಸುತ್ತ ತಿರುಗುವುದೇ ಇಲ್ಲವೆಂಬ ತಪ್ಪು ಕಲ್ಪನೆ ಜನರಲ್ಲಿದೆ. ದೇವಾಲಯದಲ್ಲಿ ಪ್ರದಕ್ಷಿಣೆ ಮಾಡುವವರ ಬಲಭಾಗವು ಸದಾ ಗರ್ಭಗುಡಿಯ ಕಡೆಗೇ ಇರುತ್ತದೆ. ಆದರೂ ಒಂದು ಸುತ್ತು ಮುಗಿಯುವಷ್ಟರಲ್ಲಿ ಅವರು ನಾಲ್ಕೂ ದಿಕ್ಕುಗಳಿಗೆ ಒಮ್ಮೆ ತಿರುಗಿರುತ್ತಾರೆ. ಅದರಂತೆಯೇ ಚಂದ್ರನು ಭೂಮಿಯನ್ನು ಸುತ್ತಲು ಸುಮಾರು 27.3 ದಿನಗಳನ್ನು ತೆಗೆದುಕೊಂಡು, ಅಷ್ಟೇ ಅವಧಿಯಲ್ಲಿ ತನ್ನ ಅಕ್ಷದ ಸುತ್ತ ಒಮ್ಮೆ ತಿರುಗುತ್ತಾನೆ. ಖಗೋಳಜ್ಞ ಕ್ಯಾಸಿನಿಯವರು 1693ರಲ್ಲಿ ಚಂದ್ರನ ಈ ಚಲನೆಯ ನಿಯಮಗಳನ್ನು ನಿರೂಪಿಸಿದ್ದರು.

ಆದರೆ ಈ ಎರಡು ಅವಧಿಗಳು ಏಕೆ ಸಮನಾಗಿವೆ? ಅವುಗಳಲ್ಲಿ ಅತ್ಯಲ್ಪ ವ್ಯತ್ಯಾಸವಿದ್ದರೂ ಕಾಲಕ್ರಮೇಣ ಚಂದ್ರನ ಹಿಂಬದಿ ನಮ್ಮತ್ತ ಬರಬೇಕಿತ್ತು. ಚಂದ್ರನು ಭೂಮಿಯ ದಿಕ್ಕಿಗೆ ಕೊಂಚ ನೀಳವಾಗಿರಬೇಕೆಂದು ನ್ಯೂಟನ್ ಸೂಚಿಸಿದ್ದರು. ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯು 1764ರ ಬಹುಮಾನಕ್ಕೆ ಈ ವಿಷಯವನ್ನು ನಿಗದಿಪಡಿಸಿತು ಹಾಗೂ ಬಹುಮಾನವು ಲಗ್ರಾಂಜ್ ಅವರಿಗೆ ದೊರೆಯಿತು. ಚಂದ್ರನ ನೀಳಭಾಗವು ಭೂಮಿಯ ನೇರದಿಂದ ಸ್ವಲ್ಪ ಸರಿದರೆ ಭೂಮಿಯ ಆಕರ್ಷಣೆಯು ಅದನ್ನು ಗಡಿಯಾರದ ಲೋಲಕದಂತೆ ಹಿಂದಕ್ಕೆ ಎಳೆಯುತ್ತದೆ. ಆದ್ದರಿಂದ ಆರಂಭದಲ್ಲಿ ಎರಡೂ ಅವಧಿಗಳು ಹೆಚ್ಚುಕಡಿಮೆ ಸಮನಾಗಿದ್ದರೆ ಸಾಕು. ಅನಂತರ ಆ ಸಮತೆ ತಾನಾಗಿಯೇ ಉಳಿಯುತ್ತದೆ ಎಂಬುದನ್ನು ಅವರು ಗಣಿತದಿಂದ ತೋರಿಸಿದರು.

ಆದರೂ ಚಂದ್ರನ ಅಕ್ಷದ ಓರೆಗೂ ಅವನ ಪಥಕ್ಕೂ ಇರುವ ಸಂಬಂಧವು ಆ ಪ್ರಬಂಧದಲ್ಲಿ ಇತ್ಯರ್ಥವಾಗಿರಲಿಲ್ಲ. ಬಹುಮಾನ ಬಂದಿದ್ದರೂ ಲಗ್ರಾಂಜ್ ವಿಷಯವನ್ನು ಮುಕ್ತಾಯಗೊಳಿಸಲಿಲ್ಲ. 16 ವರ್ಷಗಳ ನಂತರ, 1780ರಲ್ಲಿ, ಹೊಸ ವಿಧಾನದಿಂದ ಅದನ್ನೂ ಪರಿಹರಿಸಿದರು. ಚಂದ್ರನು ಮೊದಲು ವೇಗವಾಗಿ ತಿರುಗುತ್ತಿದ್ದು, ಭೂಮಿಯ ಸೆಳೆತವು ಅವನ ಒಡಲಿನಲ್ಲಿ ಉಂಟುಮಾಡಿದ ಘರ್ಷಣೆಯಿಂದ ನಿಧಾನಗೊಂಡನೆಂಬುದನ್ನು ಅನಂತರದ ವಿಜ್ಞಾನಿಗಳು ತಿಳಿಸಿದ್ದಾರೆ.

ಬರ್ಲಿನ್ ಮತ್ತು ಪ್ಯಾರಿಸ್

1766ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಅವರ ಆಹ್ವಾನದ ಮೇರೆಗೆ ಲಗ್ರಾಂಜ್ ಅವರು ಬರ್ಲಿನ್ ಅಕಾಡೆಮಿಯಲ್ಲಿ ಆಯ್ಲರ್ ಅವರಿಂದ ತೆರವಾದ ಸ್ಥಾನವನ್ನು ವಹಿಸಿಕೊಂಡು, 20 ವರ್ಷ ಸೇವೆ ಸಲ್ಲಿಸಿದರು. 1783ರಲ್ಲಿ ಪತ್ನಿ ನಿಧನರಾದರು. 1787ರಲ್ಲಿ ಅವರು ಪ್ಯಾರಿಸ್‌ಗೆ ತೆರಳಿದರು. ಮರುವರ್ಷ ಪ್ರಕಟವಾದ ಅವರ ಯಂತ್ರಶಾಸ್ತ್ರದ ಮಹಾಗ್ರಂಥದಲ್ಲಿ ಒಂದೂ ಚಿತ್ರವಿಲ್ಲ, ಎಲ್ಲವೂ ಸಮೀಕರಣಗಳೇ.

ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಶತ್ರುರಾಷ್ಟ್ರಗಳಲ್ಲಿ ಜನಿಸಿದವರನ್ನು ಬಂಧಿಸುವ ಆದೇಶ ಹೊರಟಿತು. ರಸಾಯನಶಾಸ್ತ್ರಜ್ಞ ಲವಾಸಿಯೆ ಮಧ್ಯಪ್ರವೇಶಿಸಿದ್ದರಿಂದ ಲಗ್ರಾಂಜ್ ಅವರಿಗೆ ವಿನಾಯಿತಿ ದೊರೆಯಿತು. ಆದರೆ 1794ರ ಮೇ 8ರಂದು ಲವಾಸಿಯೆ ಅವರನ್ನೇ ಮರಣದಂಡನೆಗೆ ಗುರಿಪಡಿಸಲಾಯಿತು. ತಮ್ಮನ್ನು ಉಳಿಸಿದವರನ್ನು ಕಳೆದುಕೊಂಡ ಲಗ್ರಾಂಜ್, ತೂಕ ಮತ್ತು ಅಳತೆಗಳ ಸುಧಾರಣೆಯ ಕಾರ್ಯದಲ್ಲಿ ಮುಂದುವರಿದರು. ಇಂದು ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವ ಮೀಟರ್ ಮತ್ತು ಕಿಲೋಗ್ರಾಂ ಪದ್ಧತಿ ಆ ಸುಧಾರಣೆಯ ಫಲ. 1813ರ ಏಪ್ರಿಲ್ 10ರಂದು ಅವರು ನಿಧನರಾದರು. ಪ್ಯಾರಿಸ್‌ನ ಪ್ಯಾಂಥಿಯಾನ್‌ನಲ್ಲಿ ಅವರ ಸಮಾಧಿಯಿದೆ.

ಇಂದಿಗೂ ಉಳಿದಿರುವ ಹೆಸರು

ಚಂದ್ರನ ಹಿಂಬದಿಯ ಮೊದಲ ಛಾಯಾಚಿತ್ರಗಳನ್ನು ಸೋವಿಯತ್ ಒಕ್ಕೂಟದ ಲೂನಾ-3 ನೌಕೆಯು 1959ರಲ್ಲಿ ತೆಗೆಯಿತು. ಮೂರು ಕಾಯಗಳ ಪರಸ್ಪರ ಆಕರ್ಷಣೆ ಕುರಿತು ಲಗ್ರಾಂಜ್ ಅವರು 1772ರಲ್ಲಿ ನಡೆಸಿದ ಅಧ್ಯಯನದ ಸ್ಮರಣಾರ್ಥ ಅಂತರಿಕ್ಷದ ಐದು ಸಮತೋಲನ ಬಿಂದುಗಳಿಗೆ ಅವರ ಹೆಸರಿದೆ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಅಂತಹ ಮೊದಲ ಬಿಂದುವಿನ ಸುತ್ತಣ ಕಕ್ಷೆಗೆ ಭಾರತದ ಆದಿತ್ಯ-ಎಲ್1 ನೌಕೆಯನ್ನು 2024ರ ಜನವರಿ 6ರಂದು ಸೇರಿಸಲಾಯಿತು. ಅದರ ಪ್ರಮುಖ ಉಪಕರಣವನ್ನು ನಿರ್ಮಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆ ನೌಕೆಯ ಹೆಸರಿನಲ್ಲಿರುವ ಎಲ್ ಅಕ್ಷರವು ಲಗ್ರಾಂಜ್ ಅವರನ್ನೇ ಸೂಚಿಸುತ್ತದೆ.